ಐದಕ್ಷರದ ಹೆಸರು

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ, ವಿಮಾನ ಕಾರ್ಖಾನೆಯ ಗೋಡೆಗೆ ಒತ್ತಿಕೊಂಡಂತೆ ಬೆಳೆದ ವಿಮಾನಪುರದಲ್ಲಿ ನನ್ನ ಸೋದರಮಾವನ ಮನೆಯಿತ್ತು. ಬೇಸಗೆಯ ರಜೆಯಲ್ಲಿ ನಾವು ಮಕ್ಕಳು ಅಲ್ಲಿಗೆ ಹೋದರೆ, ಮಾಡಿನ ಹಂಚು ಗದಗುಟ್ಟುವಂತೆ ದಿನಕ್ಕೆ ಹತ್ತಾರು ಸಲ ವಿಮಾನಗಳು ಹಾದುಹೋಗುವುವು. ಹತ್ತಾರು ಸಲವೂ ನಾವು ಉಣ್ಣುತ್ತಿದ್ದ ತಟ್ಟೆಯನ್ನು ಬಿಟ್ಟು ಅಂಗಳಕ್ಕೆ ಓಡುವೆವು. ಮಾವ ಮಾತ್ರ ಜಗಲಿಯ ಮೇಲಣ ಬೆತ್ತದ ಕುರ್ಚಿಯಿಂದ ಕದಲದೆ, ಕೈಯಲ್ಲಿದ್ದ ಪತ್ರಿಕೆಯಿಂದ ಕಣ್ಣನ್ನೂ ಎತ್ತದೆ, “ಅದು ಆವ್ರೊ ಕಣೋ. ಡಾರ್ಟ್ ಇಂಜಿನ್ನಿನ ಶಿಳ್ಳೆ ಕೇಳಿಸಲಿಲ್ವೆ?” ಎನ್ನುವರು. ಮತ್ತೊಂದು ಗಳಿಗೆಗೆ ಕಿವಿ ಗಡಚಿಕ್ಕುವ ಆರ್ಭಟದೊಡನೆ ಬೆಳ್ಳಿಯ ಗೆರೆಯೊಂದು ತೆಂಗಿನ ತಲೆಗಳನ್ನು ಸವರಿಕೊಂಡು ಹೋದರೆ, “ಇದು ಮಾರುತ್. ನಮ್ಮ ಶೆಡ್ಡಿನದೇ” ಎಂದು ಹಾಳೆ ಮಗುಚುವರು. 1961ರ ಜೂನ್ 17ರಂದು ಆ ಊರಿನ ಆಕಾಶಕ್ಕೆ ಮೊದಲಬಾರಿಗೆ ಏರಿದ, ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ತಜ್ಞನ ನೇತೃತ್ವದಲ್ಲಿ ರೂಪುಗೊಂಡ ಆ ಯುದ್ಧವಿಮಾನದ ವಿಷಯದಲ್ಲಿ ಅವರಿಗಿದ್ದ ವಾತ್ಸಲ್ಯ ಮನೆಯ ಕರುವಿನ ಮೇಲಿನ ವಾತ್ಸಲ್ಯಕ್ಕಿಂತ ಕಡಮೆಯದಾಗಿರಲಿಲ್ಲ.

ಒಮ್ಮೆ ನಾನು ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಗೆರೆಗಳನ್ನೆಳೆದು, ಯಾವ ವಿಮಾನ, ಎಷ್ಟು ಗಂಟೆಗೆ, ಯಾವ ಕಡೆಯಿಂದ ಯಾವ ಕಡೆಗೆ ಎಂದು ಬರೆಯತೊಡಗಿದೆ. ಅದು 1972ರ ಬೇಸಗೆ. ಪಾಕಿಸ್ತಾನದೊಡನೆ ನಡೆದ ಯುದ್ಧ ಮುಗಿದು ವರ್ಷವೂ ತುಂಬಿರಲಿಲ್ಲ. ಮೂರು ದಿನದ ಬರವಣಿಗೆಯನ್ನು ಮಾವ ಗಮನವಿಟ್ಟು ಓದಿದರು, ಒಂದು ಕಡೆ ನಾನು ತಪ್ಪಾಗಿ ಬರೆದಿದ್ದ ಹೆಸರನ್ನು ತಿದ್ದಿಯೂ ತಿದ್ದಿದರು, ಅನಂತರ ಹಾಳೆಯನ್ನು ಮೆಲ್ಲಗೆ ಹರಿದು, ಮಡಿಸಿ, ನೀರೊಲೆಗೆ ಹಾಕಿ, “ನೋಡು, ಕೇಳು, ನೆನಪಿಟ್ಕೊ. ಬರೀಬೇಡ ಮರಿ” ಎಂದರು.

ಇಂಗ್ಲಿಷರು ‘ಪ್ಲೇನ್ ಸ್ಪಾಟಿಂಗ್’ ಎಂದು ಕರೆಯುವ, ನಾವು ವಿಮಾನವೀಕ್ಷಣೆ ಎನ್ನಬಹುದಾದ ಹವ್ಯಾಸವನ್ನು ಕುರಿತು ಓದುವಾಗಲೆಲ್ಲ ಆ ನೀರೊಲೆ ನನ್ನ ಕಣ್ಣಮುಂದೆ ಬರುತ್ತದೆ. ಏಕೆಂದರೆ ಈ ಹವ್ಯಾಸದ ಜೀವವಿರುವುದೇ ಬರೆದಿಟ್ಟ ಹಾಳೆಯಲ್ಲಿ. ವಿಮಾನವನ್ನು ತಲೆಯೆತ್ತಿ ನೋಡುವವರು ಎಲ್ಲೆಡೆಯಲ್ಲಿಯೂ ಇದ್ದಾರೆ. ವೀಕ್ಷಕನಾದವನಾದರೋ ನೋಡಿದ್ದಷ್ಟಕ್ಕೆ ತೃಪ್ತನಾಗದೆ, ಅದು ಯಾವ ಜಾತಿಯದು, ಯಾವ ಸಂಸ್ಥೆಗೆ ಸೇರಿದ್ದು, ಅದಕ್ಕೂ ಮಿಗಿಲಾಗಿ, ಆ ಜಾತಿಯ ಸಾವಿರಾರು ವಿಮಾನಗಳಲ್ಲಿ ಇದು ಯಾವುದು ಎಂಬುದನ್ನು ಅರಿತುಕೊಂಡು, ದಿನ, ವೇಳೆ, ಸ್ಥಳಗಳೊಡನೆ ಅದನ್ನು ದಾಖಲೆ ಮಾಡುತ್ತಾನೆ. ಕೆಲವರಿಗೆ ಕ್ಯಾಮೆರಾವೇ ಲೇಖನಿ; ಕೆಲವರು ದುರ್ಬೀನು, ಪೆನ್ಸಿಲು, ಅಂಗೈಯಗಲದ ಪುಸ್ತಕಗಳ ಹಳೆಯ ಸಂಪ್ರದಾಯವನ್ನು ಇನ್ನೂ ಬಿಟ್ಟಿಲ್ಲ.

ಗುರುತು ಹಿಡಿಯುವ ವಿದ್ಯೆ ಹಕ್ಕಿಗಳನ್ನು ಬಲ್ಲವರಿಗೆ ಹೊಸದಲ್ಲ. ಹದ್ದಿನ ಬಾಲ ಕವಲೊಡೆದಿರುತ್ತದೆ, ಗರುಡನ ಬಾಲ ದುಂಡಗಿರುತ್ತದೆ ಎಂಬುದನ್ನು ತಿಳಿದವನು ಬಣ್ಣ ಕಾಣದಷ್ಟು ಎತ್ತರದಲ್ಲಿಯೂ ಎರಡನ್ನೂ ಬೇರ್ಪಡಿಸಬಲ್ಲನಲ್ಲವೆ? ಹಾಗೆಯೇ, ಮೊದಲ ನೋಟಕ್ಕೆ ಅವಳಿಗಳಂತೆ ತೋರುವ ಏರ್‌ಬಸ್ 320 ಮತ್ತು ಬೋಯಿಂಗ್ 737 ವಿಮಾನಗಳನ್ನು ಬೇರೆಬೇರೆಯಾಗಿ ಕಾಣುವುದಕ್ಕೆ ನಾಲ್ಕು ದಿನದ ಅಭ್ಯಾಸ ಸಾಕು. ಬೋಯಿಂಗಿನ ಮೂಗು ಚೂಪು, ಏರ್‌ಬಸ್ಸಿನದು ದುಂಡು. ಬೋಯಿಂಗಿನ ಬಾಲದ ಬುಡದಲ್ಲಿ ಇಳಿಜಾರಿನಂತಹ ಒಂದು ಮಡಿಕೆಯುಂಟು, ಏರ್‌ಬಸ್ಸಿನ ಬಾಲ ಬೆನ್ನಿನಿಂದ ನೇರವಾಗಿ ಮೇಲೇಳುತ್ತದೆ. ನೆಲಕ್ಕೆ ತೀರ ಸಮೀಪವಾಗಿ ನಿಲ್ಲುವಂತೆ ರಚಿತವಾದ ಕಾರಣ 737ರ ಇಂಜಿನ್ನಿನ ಬಾಯಿ ಕೆಳಗಡೆ ಚಪ್ಪಟೆಯಾಗಿರುತ್ತದೆ. ಮೇಲೆ ಹಾರುವಾಗಲೂ ಅದರ ದೊಡ್ಡ ಚಕ್ರಗಳಿಗೆ ಪೂರ್ಣವಾದ ಮುಚ್ಚಳವಿಲ್ಲದುದರಿಂದ, ನೆತ್ತಿಯ ಮೇಲೆ ಹಾದುಹೋದಾಗ ಹೊಟ್ಟೆಯಲ್ಲಿ ಕರಿಯ ಬಿಲ್ಲೆಗಳೆರಡು ಕಾಣಿಸುತ್ತವೆ. ಬೋಯಿಂಗ್ 787 ಆದರೆ ರೆಕ್ಕೆ ಬಿಲ್ಲಿನಂತೆ ಬಾಗಿ, ಇಂಜಿನ್ನಿನ ಹಿಂಬದಿಯ ಅಂಚು ಗರಗಸದ ಹಲ್ಲಿನಂತಿರುತ್ತದೆ. ಏರ್‌ಬಸ್ 350 ಕಣ್ಣಿಗೆ ಕಾಡಿಗೆ ತೀಡಿಕೊಂಡು ಬಂದಂತೆ ಚಾಲಕನ ಗಾಜುಗಳ ಸುತ್ತ ಕಪ್ಪುಪಟ್ಟಿಯನ್ನು ಧರಿಸಿರುತ್ತದೆ.

ಎಲ್ಲಿ ನಿಂತು ನೋಡಬೇಕೆಂಬುದನ್ನು ಗಾಳಿ ನಿರ್ಣಯಿಸುತ್ತದೆ. ವಿಮಾನವು ಏರುವುದೂ ಇಳಿಯುವುದೂ ಸಾಧ್ಯವಾದ ಮಟ್ಟಿಗೆ ಗಾಳಿಗೆ ಎದುರಾಗಿ. ಎದುರುಗಾಳಿಯಿದ್ದರೆ ನೆಲದ ಮೇಲಿನ ವೇಗ ಕಡಮೆ ಸಾಕು, ಓಡುವ ದೂರವೂ ಕಡಮೆ. ಬೆಂಗಳೂರಿನ ರನ್‌ವೇಗಳು ಪೂರ್ವಪಶ್ಚಿಮವಾಗಿ ಮಲಗಿವೆ. ಮುಂಗಾರಿನ ಪಡುವಣಗಾಳಿ ಬೀಸುವ ತಿಂಗಳುಗಳಲ್ಲಿ ವಿಮಾನಗಳು ಮೂಡಣದಿಂದ ಬಂದು ಇಳಿಯುತ್ತವೆ. ರನ್‌ವೇಯ ತುದಿಯಲ್ಲಿ ಬರೆದ 09, 27 ಎಂಬ ಅಂಕೆಗಳಾದರೋ ದಿಕ್ಸೂಚಿಯ 90 ಮತ್ತು 270 ಅಂಶಗಳನ್ನು ಹತ್ತರಿಂದ ಭಾಗಿಸಿ ಬಂದವುಗಳು.

ಈ ಹವ್ಯಾಸ ಇಂಗ್ಲೆಂಡಿನಲ್ಲಿ ಬೇರೂರಿದ್ದು ವಿನೋದಕ್ಕಾಗಿ ಅಲ್ಲ, ಪ್ರಾಣಭಯದಿಂದ. ಮೊದಲನೆಯ ಮಹಾಯುದ್ಧದಲ್ಲಿ ಆಕಾಶದಿಂದ ಬಾಂಬು ಬಿದ್ದ ಅನುಭವವನ್ನು ಮರೆಯದ ಆ ದೇಶ 1925ರಲ್ಲಿ ‘ಅಬ್ಸರ್ವರ್ ಕೋರ್’ ಎಂಬ ವೀಕ್ಷಕದಳವನ್ನು ಸ್ಥಾಪಿಸಿತು. 1940ರ ಹೊತ್ತಿಗೆ ಅದರಲ್ಲಿ ಸುಮಾರು 30,000 ಮಂದಿಯಿದ್ದರು. ರೈತರು, ಅಂಗಡಿಕಾರರು, ಉಪಾಧ್ಯಾಯರು, ಗುಮಾಸ್ತರು. ಸಮುದ್ರತೀರದಲ್ಲಿ ನಿಂತಿದ್ದ ರೇಡಾರ್ ಗೋಪುರಗಳು ಆಗ ಸಮುದ್ರದ ಕಡೆಗಷ್ಟೇ ನೋಡಬಲ್ಲವಾಗಿದ್ದುವು; ವೈರಿಯ ವಿಮಾನ ಒಮ್ಮೆ ತೀರವನ್ನು ದಾಟಿ ಒಳನಾಡಿಗೆ ಬಂದಿತೆಂದರೆ, ಅದು ಎಲ್ಲಿದೆ, ಎತ್ತ ಸಾಗುತ್ತಿದೆ ಎಂಬುದನ್ನು ಹೇಳಬಲ್ಲವರು ಗುಡ್ಡದ ಮೇಲೆ, ಹೊಲದ ಮೂಲೆಯಲ್ಲಿ, ಮರಳುಚೀಲಗಳ ನಡುವೆ ದುರ್ಬೀನು ಹಿಡಿದು, ಟೆಲಿಫೋನಿನ ಪಕ್ಕದಲ್ಲಿ ಚಳಿಗೆ ಕೈಯುಜ್ಜಿಕೊಳ್ಳುತ್ತ ಇಬ್ಬಿಬ್ಬರಾಗಿ ಕುಳಿತಿದ್ದ ಈ ಸಾಮಾನ್ಯರು ಮಾತ್ರ. ಕಾರ್ಖಾನೆಗಳ ಮಾಳಿಗೆಯ ಮೇಲೂ ಕಾವಲುಗಾರರು ನಿಂತರು. ಸೈರನ್ ಕೂಗಿದೊಡನೆ ಕೆಲಸ ನಿಲ್ಲಿಸಿ ಅಡಗುದಾಣಕ್ಕೆ ಓಡುವುದಕ್ಕೆ ಬದಲಾಗಿ, ಮಾಳಿಗೆಯವನು ಅಪಾಯ ಹತ್ತಿರಕ್ಕೆ ಬಂತೆಂದು ಸನ್ನೆಮಾಡುವ ತನಕ ಕೆಳಗೆ ಯಂತ್ರಗಳು ತಿರುಗುತ್ತಲೇ ಇದ್ದುವು. ಅವನ ಕಣ್ಣು ತಪ್ಪಿದರೆ ಕೆಳಗಿನವರ ಜೀವ ಹೋಗುವುದು. ಅವನು ಸುಮ್ಮಸುಮ್ಮನೆ ಬೆದರಿದರೆ ದೇಶದ ಉತ್ಪಾದನೆ ಹೋಗುವುದು. ಹೀಗಾಗಿ ಕರಿಯ ನೆರಳಿನ ಆಕೃತಿಗಳನ್ನು ನೋಡಿ ವಿಮಾನವನ್ನು ಹೆಸರಿಸುವ ಕಲೆ ಊರೂರಿನ ವ್ಯಾಸಂಗವಾಯಿತು. 1941ರಲ್ಲಿ ‘ದಿ ಏರೋಪ್ಲೇನ್ ಸ್ಪಾಟರ್’ ಎಂಬ ಪತ್ರಿಕೆಯೇ ಇದಕ್ಕಾಗಿ ಹೊರಟಿತು. ಶಾಲೆಯ ಹುಡುಗರೂ ಅದನ್ನು ಉರುಹೊಡೆದರು.

ಆ ಕಾಲದ ಒಂದು ಘಟನೆಯನ್ನು ವಿಸ್ತಾರವಾಗಿಯೇ ಹೇಳಬೇಕು. 1941ರ ಮೇ 10ರ ರಾತ್ರಿ, ನಸುಬೆಳಕು ಇನ್ನೂ ಆರದಿದ್ದಾಗ, ನಾರ್ಥಂಬರ್ಲೆಂಡಿನ ತೀರವನ್ನು ಒಂಟಿ ವಿಮಾನವೊಂದು ದಾಟಿತು. ಅಲ್ಲಿಯ ವೀಕ್ಷಕರು ಅದನ್ನು ನೋಡಿ, ಅದು ಜರ್ಮನಿಯ ಮೆಸ್ಸರ್‌ಸ್ಮಿಟ್ 110 ಎಂದು ಟೆಲಿಫೋನಿನಲ್ಲಿ ವರದಿಮಾಡಿದರು. ವಾಯುಪಡೆಯ ಅಧಿಕಾರಿಗಳು ನಕ್ಕರು. ಅವರ ತರ್ಕ ನಿರ್ದುಷ್ಟವಾಗಿಯೇ ಇತ್ತು: ಆ ಜಾತಿಯ ವಿಮಾನ ಅಷ್ಟು ಉತ್ತರಕ್ಕೆ ಬಂದರೆ ಜರ್ಮನಿಗೆ ಹಿಂದಿರುಗಲು ಅದಕ್ಕೆ ಇಂಧನ ಸಾಲದು, ಹಿಂದಿರುಗಲಾಗದ ಕಡೆಗೆ ಯಾರೂ ಬರಲಾರರು, ಆದಕಾರಣ ಅದು ಆ ವಿಮಾನವಲ್ಲ. ಆದರೆ ಸ್ಕಾಟ್ಲೆಂಡಿನುದ್ದಕ್ಕೂ ಒಂದು ಕಾವಲುನೆಲೆಯ ತರುವಾಯ ಮತ್ತೊಂದು ಕಾವಲುನೆಲೆ ಅದನ್ನು ಹಿಂಬಾಲಿಸಿತು. ಕೊನೆಗೆ ಗ್ಲಾಸ್ಗೋ ನಗರದ ದಕ್ಷಿಣಕ್ಕೆ, ಈಗಲ್‌ಶಮ್ ಎಂಬ ಹಳ್ಳಿಯ ಬಳಿ ವಿಮಾನ ಬಿದ್ದು ಉರಿಯಿತು. ಪ್ಯಾರಾಚೂಟಿನಲ್ಲಿ ಇಳಿದ ಚಾಲಕ ಹೊಲದಲ್ಲಿ ಸಿಕ್ಕಿಬಿದ್ದನು. ಅವಶೇಷಗಳು ಮೆಸ್ಸರ್‌ಸ್ಮಿಟ್ 110ರವೇ. ಚಾಲಕನು ಹಿಟ್ಲರನ ಉಪನಾಯಕನಾದ ರುಡಾಲ್ಫ್ ಹೆಸ್. ಸಂಧಿಯ ಮಾತುಕತೆಯ ಭ್ರಮೆಯಿಂದ ಒಬ್ಬನೇ ಹಾರಿಬಂದಿದ್ದ ಅವನಿಗೆ ಅದೇ ವಿಮಾನದಲ್ಲಿ ಹಿಂದಿರುಗುವ ಯೋಚನೆಯೇ ಇರಲಿಲ್ಲ. ಅಧಿಕಾರಿಗಳು ತಾವು ಬಲ್ಲುದರಿಂದ ಹೊರಟು ಕಣ್ಣಮುಂದಿನದನ್ನು ಅಲ್ಲಗಳೆದರು. ವೀಕ್ಷಕನು ಕಂಡದ್ದನ್ನು ಕಂಡಂತೆ ಹೇಳಿದನು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಆ ದಳಕ್ಕೆ ‘ರಾಯಲ್’ ಎಂಬ ಬಿರುದು ದೊರೆತಿತ್ತು. ಮುಂದೆ 1944ರಲ್ಲಿ ನಾರ್ಮಂಡಿಯ ದಾಳಿಗೆ ಹೊರಟ ಹಡಗುಗಳಲ್ಲಿ, ತಮ್ಮ ವಿಮಾನಗಳಿಗೆ ತಮ್ಮ ಫಿರಂಗಿಗಳೇ ಗುಂಡಿಕ್ಕದಿರಲೆಂದು, ಸುಮಾರು 800 ಮಂದಿ ವೀಕ್ಷಕರು ಸ್ವಯಂಸೇವಕರಾಗಿ ಹತ್ತಿದರು.

ಯುದ್ಧ ಮುಗಿಯಿತು, ಅಭ್ಯಾಸ ಉಳಿಯಿತು. ನೆರಳಿನ ಆಕೃತಿಗಳನ್ನು ಬಾಯಿಪಾಠ ಮಾಡಿದ್ದ ಹುಡುಗರು ಈಗ ವಿಮಾನನಿಲ್ದಾಣಗಳ ಬೇಲಿಗೆ ಆತು ನಿಂತು ನಾಗರಿಕ ವಿಮಾನಗಳ ಅಕ್ಷರಗಳನ್ನು ಬರೆಯತೊಡಗಿದರು. ಲಂಡನ್ನಿನ ಹೀತ್ರೊ ನಿಲ್ದಾಣದಲ್ಲಿ 1955ರಲ್ಲಿ ರಾಣಿಯ ಹೆಸರಿನ ಕಟ್ಟಡದ ತಾರಸಿಯನ್ನೇ ಉದ್ಯಾನವಾಗಿಸಿ ಸಾರ್ವಜನಿಕರಿಗೆ ತೆರೆದರು. ತಿಂಡಿಯ ಡಬ್ಬಿ ಕಟ್ಟಿಕೊಂಡು ಬಂದ ಕುಟುಂಬಗಳು ಅಲ್ಲಿ ದಿನವಿಡೀ ಕುಳಿತಿರುತ್ತಿದ್ದುವು. ಮ್ಯಾಂಚೆಸ್ಟರಿನಲ್ಲಿ ಇಂದಿಗೂ ರನ್‌ವೇಯ ಪಕ್ಕದಲ್ಲಿಯೇ ವೀಕ್ಷಕರಿಗಾಗಿ ಮಣ್ಣಿನ ದಿಬ್ಬಗಳನ್ನು ಒಟ್ಟಿದ ಉದ್ಯಾನವೊಂದಿದೆ. ನಿವೃತ್ತವಾದ ಕಾಂಕಾರ್ಡ್ ವಿಮಾನವೊಂದು ಅಲ್ಲಿಯೇ ನೆಲೆನಿಂತಿದೆ. ಈ ಜನರಲ್ಲಿ ಒಂದು ಮರ್ಯಾದೆ ಬೆಳೆದುಬಂದಿದೆ, ಅದನ್ನು ನಾನು ಬಹಳ ಗೌರವಿಸುತ್ತೇನೆ: ಪುಸ್ತಕದಲ್ಲಿ ಬರೆಯತಕ್ಕದ್ದು ಸ್ವಂತ ಕಣ್ಣಿಂದ ಕಂಡದ್ದನ್ನು ಮಾತ್ರ. ಪಕ್ಕದವನು ಓದಿದನೆಂದು, ವೇಳಾಪಟ್ಟಿ ಹೇಳುತ್ತದೆಂದು, ಇಂಥದೇ ಇರಬೇಕೆಂದು ಬರೆಯುವ ಹಾಗಿಲ್ಲ. ಯಾರೂ ಪರೀಕ್ಷಿಸದ, ಬಹುಮಾನವಿಲ್ಲದ ಪಟ್ಟಿಯೊಂದರಲ್ಲಿ ಸುಳ್ಳು ಬರೆಯುವುದು ಎಷ್ಟು ಸುಲಭ! ಆದರೂ ಸಜ್ಜನನಾದ ವೀಕ್ಷಕ ಬರೆಯನು.

ಹೀಗೆ ಓದಿಕೊಳ್ಳುವ ಅಕ್ಷರಗಳ ವಿಷಯವೂ ಸ್ವಾರಸ್ಯವಾದುದು. ವಿಮಾನದ ಒಡಲಿನ ಹಿಂಭಾಗದಲ್ಲಿಯೂ ರೆಕ್ಕೆಯ ಅಡಿಯಲ್ಲಿಯೂ ಬರೆದ ನೋಂದಣಿಯ ಗುರುತೇ ಅದರ ಹೆಸರು. ಬ್ರಿಟನ್ನಿನದು ಜಿ, ಅಮೆರಿಕದ್ದು ಎನ್, ನಮ್ಮದು ವಿಟಿ; ಈ ಎರಡರ ಮುಂದೆ ಮೂರು ಅಕ್ಷರಗಳು ಸೇರಿ ನಮ್ಮ ದೇಶದ ವಿಮಾನಕ್ಕೆ ಐದಕ್ಷರದ ಹೆಸರಾಗುತ್ತದೆ. ವಿಟಿ ಎಂದರೆ ‘ವೈಸರಾಯ್ಸ್ ಟೆರಿಟರಿ’, ಅಂದರೆ ವೈಸರಾಯರ ಸೀಮೆ, ಎಂಬ ಮಾತು ವಿದ್ಯಾವಂತರ ನಡುವೆಯೂ ಪ್ರಚಾರದಲ್ಲಿದೆ. ನಿಜವಾಗಿ ನೋಡಿದರೆ, 1927ರಲ್ಲಿ ವಾಷಿಂಗ್ಟನ್ನಿನಲ್ಲಿ ನೆರೆದ ಅಂತಾರಾಷ್ಟ್ರೀಯ ರೇಡಿಯೊ ಸಮ್ಮೇಳನವು ದೇಶದೇಶಗಳಿಗೆ ಹಂಚಿದ ಅಕ್ಷರಗಳ ಸಾಲಿನಿಂದ ಅದು ಬಂದಿತು. ಬ್ರಿಟಿಷ್ ಸಾಮ್ರಾಜ್ಯದ ಅನೇಕ ಭಾಗಗಳಿಗೆ ವಿ ಅಕ್ಷರದಿಂದ ಮೊದಲಾಗುವ ಜೋಡಿಗಳು ದೊರೆತುವು. ವೈಸರಾಯರೇ ಇಲ್ಲದ ಆಸ್ಟ್ರೇಲಿಯಕ್ಕೆ ವಿಎಚ್ ಬಂದದ್ದು ಹಾಗೆಯೇ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆಯನ್ನು ಹೊತ್ತು ತಂದ ಪುಟ್ಟ ಪುಸ್ ಮಾತ್ ವಿಮಾನದ ಹೆಸರು ವಿಟಿ-ಎಡಿಎನ್. ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಎಂಬ ಅವರ ಸಂಗಾತಿ ಅಂಚೆಯನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಬಳ್ಳಾರಿಯ ಬಯಲಿನಲ್ಲಿ ಅಂಚೆಯ ವಿಮಾನ ಇಳಿದಾಗ ಅದರ ಮೈಮೇಲಿನ ಐದಕ್ಷರವನ್ನು ಯಾವನಾದರೊಬ್ಬ ಹುಡುಗ ಇದ್ದಿಲಿನಿಂದ ಮನೆಯ ಗೋಡೆಯ ಮೇಲೆ ಬರೆದುಕೊಂಡಿದ್ದನೋ ಏನೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಬರೆದುಕೊಂಡಿದ್ದರೂ ಅದು ಉಳಿಯುತ್ತಿದ್ದುದು ಸಂಶಯ. ಬ್ರಿಟನ್ನಿನಲ್ಲಿ ಸರ್ಕಾರವೇ ಪ್ರಜೆಗಳ ಕಣ್ಣುಗಳನ್ನು ಬೇಡಿ ಪಡೆಯಿತು; ಮಿಕ್ಕ ಅನೇಕ ದೇಶಗಳಲ್ಲಿ ಅದೇ ಕಣ್ಣುಗಳು ಶಂಕೆಗೆ ಗುರಿಯಾದುವು. ನಮ್ಮಲ್ಲಿ 1937ರ ವಿಮಾನ ನಿಯಮಗಳು ಅನುಮತಿಯಿಲ್ಲದೆ ಸರ್ಕಾರಿ ವಿಮಾನನಿಲ್ದಾಣಗಳಲ್ಲಿ ಛಾಯಾಚಿತ್ರ ತೆಗೆಯುವುದನ್ನು ನಿಷೇಧಿಸಿದುವು. 2001ರ ನವೆಂಬರಿನಲ್ಲಿ ಗ್ರೀಸ್ ದೇಶದ ಕಾಲಮಾಟ ವಾಯುನೆಲೆಯಲ್ಲಿ, ಸಾರ್ವಜನಿಕರಿಗೆಂದೇ ತೆರೆದ ಪ್ರದರ್ಶನದ ದಿನದಂದು, ವಿಮಾನಗಳ ಸಂಖ್ಯೆಗಳನ್ನು ಬರೆದುಕೊಂಡ 12 ಮಂದಿ ಬ್ರಿಟಿಷರನ್ನೂ ಇಬ್ಬರು ಡಚ್ಚರನ್ನೂ ಗೂಢಚಾರರೆಂದು ಸೆರೆಹಿಡಿದರು. ಐದಾರು ವಾರ ಬಂಧನದಲ್ಲಿದ್ದು, ಮರುವರ್ಷದ ಏಪ್ರಿಲಿನಲ್ಲಿ ಶಿಕ್ಷೆಗೂ ಗುರಿಯಾಗಿ, ನವೆಂಬರಿನಲ್ಲಿ ಮೇಲ್ಮನವಿಯಿಂದ ಅವರು ನಿರ್ದೋಷಿಗಳಾಗಿ ಹೊರಬಂದರು. ಯಾವ ಪ್ರಯೋಜನವೂ ಇಲ್ಲದೆ ಒಬ್ಬನು ಚಳಿಯಲ್ಲಿ ನಿಂತು ಅಂಕೆಗಳನ್ನು ಬರೆದುಕೊಳ್ಳುವನೆಂಬುದನ್ನು ನ್ಯಾಯಾಲಯಕ್ಕೆ ಮನಗಾಣಿಸುವುದೇ ಆ ಮೊಕದ್ದಮೆಯ ಕಷ್ಟವಾಗಿತ್ತು. 2010ರಲ್ಲಿ ದೆಹಲಿಯ ನಿಲ್ದಾಣದ ಸಮೀಪದ ಹೋಟೆಲೊಂದರಲ್ಲಿ ಇಳಿದುಕೊಂಡಿದ್ದ ಇಬ್ಬರು ಬ್ರಿಟಿಷ್ ವೀಕ್ಷಕರೂ ಇದೇ ಬಗೆಯ ಸಂಶಯದಿಂದ ಸೆರೆಯಾಗಿ, ಕಡೆಗೆ ದಂಡ ತೆತ್ತು ಊರಿಗೆ ಮರಳಿದರು. ರಕ್ಷಣೆಯ ಹೊಣೆಹೊತ್ತವರ ಜಾಗರೂಕತೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಮಾವನ ಕೈಯಲ್ಲಿ ಬೆಳೆದವನಿಗೆ ಅದು ಸಾಧ್ಯವೂ ಅಲ್ಲ. ಆದರೆ ಬೇಲಿಯ ಹೊರಗೆ, ಎಲ್ಲರಿಗೂ ಕಾಣುವಂತೆ ದೊಡ್ಡ ಅಕ್ಷರಗಳಲ್ಲಿ ಬರೆದ ಹೆಸರನ್ನು ಓದಿಕೊಳ್ಳುವುದು ಅಪರಾಧವೆಂದರೆ, ಆ ಹೆಸರನ್ನು ಅಷ್ಟು ದೊಡ್ಡದಾಗಿ ಬರೆಯುವುದೇಕೆ?

ಬರೆದಿಟ್ಟ ಹಾಳೆಯ ಬೆಲೆ ಎಷ್ಟೆಂಬುದನ್ನು ಸ್ಪೇನಿನ ಒಂದು ಚಿತ್ರ ಲೋಕಕ್ಕೆ ತೋರಿಸಿಕೊಟ್ಟಿತು. 2004ರ ಜನವರಿಯಲ್ಲಿ ಮಯೋರ್ಕಾ ದ್ವೀಪದ ಪಾಲ್ಮ ನಿಲ್ದಾಣದಲ್ಲಿ ಹವ್ಯಾಸಿಯೊಬ್ಬ ಬಿಳಿಯ ಬೋಯಿಂಗ್ 737 ವಿಮಾನವೊಂದರ ಚಿತ್ರವನ್ನು ತೆಗೆದನು. ಯಾವ ಸಂಸ್ಥೆಯ ಹೆಸರೂ ಅದರ ಮೇಲಿರಲಿಲ್ಲ. ಇದ್ದದ್ದು ಎನ್313ಪಿ ಎಂಬ ಗುರುತು ಮಾತ್ರ. ಅಪರೂಪದ ಹಕ್ಕಿಯನ್ನು ಕಂಡವನ ಸಂತೋಷವಲ್ಲದೆ ಬೇರೆ ಉದ್ದೇಶ ಅವನಿಗಿರಲಿಲ್ಲ. ಆ ವಿಮಾನ ಅಲ್ಲಿಂದ ಮ್ಯಾಸಿಡೋನಿಯದ ಸ್ಕೋಪ್ಯೆಗೆ ಹೋಯಿತು. ಅಲ್ಲಿ ಹೋಟೆಲಿನ ಕೋಣೆಯೊಂದರಲ್ಲಿ 23 ದಿನ ಕೂಡಿಹಾಕಿದ್ದ ಖಾಲಿದ್ ಎಲ್-ಮಸ್ರಿ ಎಂಬ ಜರ್ಮನ್ ಪ್ರಜೆಯನ್ನು ಅಮೆರಿಕದ ಗುಪ್ತಚರ ಸಂಸ್ಥೆಯವರು ಕಣ್ಣುಕಟ್ಟಿ ಅದರಲ್ಲಿ ಹಾಕಿಕೊಂಡು ಕಾಬೂಲಿಗೆ ಒಯ್ದರು. ಬೇರೊಬ್ಬನೆಂದು ಭಾವಿಸಿ ಹಿಡಿದಿದ್ದ ಆ ಮನುಷ್ಯನನ್ನು ಮೇ ತಿಂಗಳಲ್ಲಿ ಅಲ್ಬೇನಿಯದ ದಾರಿಯೊಂದರಲ್ಲಿ ಇಳಿಸಿ ಕೈತೊಳೆದುಕೊಂಡರು. ಅವನು ಹೇಳಿದ್ದನ್ನು ಬಹುಮಂದಿ ನಂಬಲಿಲ್ಲ. ಆದರೆ ಪತ್ರಕರ್ತರೂ ತನಿಖೆಗಾರರೂ ಹಾರಾಟದ ದಾಖಲೆಗಳನ್ನು ಹುಡುಕಿ, ಹಲವು ದೇಶಗಳ ಹವ್ಯಾಸಿಗಳು ಯಾವ ಯಾವ ದಿನ ಯಾವ ಯಾವ ನಿಲ್ದಾಣದಲ್ಲಿ ಇಂಥ ವಿಮಾನಗಳನ್ನು ಕಂಡಿದ್ದರೆಂಬುದನ್ನು ಜೋಡಿಸಿ ನೋಡಿದಾಗ, ಅವನ ಕಥೆಗೂ ಆ ಗುರುತಿನ ಚಲನವಲನಕ್ಕೂ ತಾಳೆಬಿದ್ದಿತು. 2012ರ ಡಿಸೆಂಬರ್ 13ರಂದು ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯ ಅವನ ಪರವಾಗಿ ತೀರ್ಪು ನೀಡಿತು. ಸರ್ಕಾರಗಳು ಮುಚ್ಚಿಟ್ಟದ್ದನ್ನು ಬೇಲಿಯ ಹೊರಗೆ ನಿಂತವನು ಸಹಜವಾಗಿಯೇ ಬರೆದಿಟ್ಟಿದ್ದನು; ಯಾವ ವಿಮಾನವೂ ಅಲ್ಪವಲ್ಲವೆಂದು ತಿಳಿದು ಎಲ್ಲವನ್ನೂ ಬರೆಯುವ ಅಭ್ಯಾಸವಿದ್ದುದರಿಂದಲೇ ಇದೂ ಅದರಲ್ಲಿ ಸೇರಿಕೊಂಡಿತು.

ಈಗ ಕೈಯಲ್ಲಿರುವ ಫೋನೇ ಎಲ್ಲವನ್ನೂ ಹೇಳುತ್ತದೆಯಲ್ಲ ಎಂದು ಕೇಳುವವರುಂಟು. ಇಂದಿನ ಬಹುತೇಕ ವಿಮಾನಗಳು 1090 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ತಮ್ಮ ಸ್ಥಾನ, ಎತ್ತರ, ವೇಗಗಳನ್ನು ಸೆಕೆಂಡಿಗೆ ಒಂದೆರಡು ಸಲ ಬಿತ್ತರಿಸುತ್ತಿರುತ್ತವೆ; ಮನೆಯ ಮಾಳಿಗೆಯಲ್ಲಿ ಚಿಕ್ಕ ಆಂಟೆನಾ ನಿಲ್ಲಿಸಿದವರು ಅದನ್ನು ಹಿಡಿದು ಹಂಚಿಕೊಳ್ಳುವುದರಿಂದಲೇ ಫ್ಲೈಟ್‌ರಾಡಾರ್24 ಮೊದಲಾದ ನಕ್ಷೆಗಳು ನಡೆಯುತ್ತಿವೆ. ಸ್ವೀಡನ್ನಿನ ಇಬ್ಬರು ಹವ್ಯಾಸಿಗಳಿಂದ ಮೊದಲಾದ ಕೆಲಸ ಅದು. ಅದರ ಉಪಕಾರ ದೊಡ್ಡದೇ. ಆದರೆ ಫೋನು ಹೇಳುವುದು ವಿಮಾನ ತನ್ನ ವಿಷಯದಲ್ಲಿ ತಾನು ಹೇಳಿಕೊಂಡದ್ದನ್ನು. ಬಿತ್ತರಿಸದೆ ಮೌನವಾಗಿ ಹೋಗುವ ವಿಮಾನಗಳೂ ಇವೆ, ಅವನ್ನು ಕಣ್ಣೇ ಕಾಣಬೇಕು. 2024ರ ಏಪ್ರಿಲ್ 22ರಂದು ಏರ್ ಇಂಡಿಯಾದ ಕೊನೆಯ ಬೋಯಿಂಗ್ 747 ವಿಮಾನಗಳಲ್ಲೊಂದಾದ, ‘ಆಗ್ರಾ’ ಎಂಬ ಹೆಸರು ಹೊತ್ತ ವಿಟಿ-ಇವಿಎ ಮುಂಬಯಿಯನ್ನು ಶಾಶ್ವತವಾಗಿ ಬಿಟ್ಟು ಅಮೆರಿಕಕ್ಕೆ ಹೊರಟಿತು. ನೆಲಬಿಟ್ಟ ಮೇಲೆ ಚಾಲಕರು ಎಡಕ್ಕೊಮ್ಮೆ ಬಲಕ್ಕೊಮ್ಮೆ ರೆಕ್ಕೆಯನ್ನು ವಾಲಿಸಿ ವಿದಾಯ ಹೇಳಿದರು. ಅದನ್ನು ಕಂಡು ಗಂಟಲು ಕಟ್ಟಿದವರು ನಕ್ಷೆಯ ಮೇಲಿನ ಚುಕ್ಕೆಯನ್ನು ನೋಡುತ್ತಿದ್ದವರಲ್ಲ.

ಮೊನ್ನೆ ಜೂನಿನಲ್ಲಿ ದೇವನಹಳ್ಳಿಯ ನಿಲ್ದಾಣದಿಂದ ಮೂಡಣಕ್ಕೆ, ಚಕ್ಕೋತದ ಗಿಡಗಳ ಪಕ್ಕದ ಸಾರ್ವಜನಿಕ ರಸ್ತೆಯಲ್ಲಿ ನಾನು ನಿಂತಿದ್ದೆ. ಜೊತೆಗೆ ಸೋದರಮಾವನ ಮೊಮ್ಮಗಳು. ಇಂಜಿನಿಯರಿಂಗ್ ಓದುತ್ತಿರುವ ಹುಡುಗಿ. ಮಾವ ಕಾಲವಾಗಿ ಬಹಳ ವರ್ಷಗಳಾದುವು. ಪಡುವಣಗಾಳಿಗೆ ಮೋಡ ಓಡುತ್ತಿತ್ತು. ಮೊದಲು ಎರಡು ದೀಪ ಕಂಡುವು, ಆಮೇಲೆ ರೆಕ್ಕೆ, ಆಮೇಲೆ ಚಕ್ರ. ಅದು ನೆತ್ತಿಯನ್ನು ದಾಟಿದ ಮೇಲೆ ಕ್ಷಣಹೊತ್ತು ಏನೂ ಇಲ್ಲದಂತಾಗಿ, ಬಳಿಕ ರೆಕ್ಕೆಯ ತುದಿಯಿಂದ ಕಳಚಿ ಬಂದ ಗಾಳಿಯ ಸುಳಿ ಚಾಟಿಯಂತೆ ಸುಯ್ಯೆಂದು ಗಿಡಗಳ ಮೇಲಿಳಿದು ಎಲೆಗಳನ್ನು ಅಲ್ಲಾಡಿಸಿತು. ಏರ್‌ಬಸ್ 320, ಇಂಡಿಗೋದ ನೀಲಿ, ಸಂಜೆ ಐದು ಗಂಟೆ ಹನ್ನೆರಡು ನಿಮಿಷ. ನಾನು ಪುಸ್ತಕ ತೆಗೆದು ವಿ, ಟಿ, ಐ, ಟಿ ಎಂದು ಬರೆದೆ. ಕೊನೆಯ ಅಕ್ಷರದ ಮೇಲೆ ಬಿಸಿಲು ಹೊಳೆದು ಅದು ಓದಲು ಬರಲಿಲ್ಲ.

“ಮಾವ, ಫೋನಿನಲ್ಲಿ ಪೂರ್ತಿ ತೋರಿಸ್ತಾ ಇದೆ, ಹೇಳ್ಲಾ?” ಎಂದಳು ಹುಡುಗಿ.

ಬೇಡವೆಂದೆ. ನಾಲ್ಕಕ್ಷರದ ಮುಂದೆ ಒಂದು ಅಡ್ಡಗೆರೆಯನ್ನೆಳೆದು, ಪುಸ್ತಕವನ್ನು ಅವಳ ಕೈಗೆ ಕೊಟ್ಟೆ. ಮುಂದಿನ ವಿಮಾನದ ದೀಪಗಳು ಆಗಲೇ ಮೋಡದ ಅಂಚಿನಲ್ಲಿ ಮೂಡಿದ್ದುವು.